ಸ್ಪೋರ್ಟ್ಸ್ ಕಾರ್ ನೀವೇ ಮಾರಾಕತ್ತೀರೇನು? ಗಿರಾಕಿ ಕೇಳೋದಕ್ಕ ಉತ್ತರ ಹೆಂಗ ಕೊಡ್ಬೇಕು, ಒಂದೊಂದಾಗಿ ನೋಡ್ರಿ

"ಗಾಡಿ ಮಾರಾಕ ಹಾಕೀನ್ರೀ, ಮುಂಜಾನಿಂದ ಸಂಜಿತನಕ ಫೋನ್ ಬರಾಕತ್ತಾವ, ಯಾರಿಗೆ ಏನ್ ಹೇಳ್ಬೇಕು ತಿಳಿವಲ್ದು" ಅಂತ ಇತ್ತೀಚಿಗೆ ಭಾಳ ಮಂದಿ ಕೇಳಾಕತ್ತೀರಿ. ಒಬ್ಬೊಬ್ರಿಗೆ ಫೋನ್ ಮ್ಯಾಲೆ ಹೇಳೋದ್ರಾಗ ಅರ್ಧ ಮಾತ ಬಿಟ್ಟ ಹೋಗತೈತಿ, ಅದಕ್ಕ ಎಲ್ಲಾ ಕೂಡಿಸಿ ಇಲ್ಲೆ ಬರದೀನಿ. ನಾನೂ ಬೆಳಗಾವ್ಯಾಗ ಇದ್ದಕೊಂಡು ನನ್ನ ಎರಡ ಸೀಟಿನ ಗಾಡಿನ ದಲಾಲ ಇಲ್ಲದ ಮಾರೀನಿ, ಗೆಳ್ಯಾರದು ಇನ್ನೆರಡ ಮಾರಿಸೀನಿ.

ಮೊದಲ ಒಂದ ಮಾತ ತಲ್ಯಾಗ ಇಟ್ಕೊರಿ. ಸ್ವಿಫ್ಟ್ ಮಾರೋದು ಬ್ಯಾರೆ, ಇದು ಬ್ಯಾರೆ. ಸ್ವಿಫ್ಟ್ ಕೊಳ್ಳಾಂವ ಇಲ್ಲೇ ಬೆಳಗಾವ್ಯಾಗ, ಟಿಳಕವಾಡ್ಯಾಗ ಇಲ್ಲಂದ್ರ ಶಹಾಪುರದಾಗ ಸಿಗತಾನ, ತನ್ನ ಮಿಸ್ತ್ರಿನ್ನ ಕರ್ಕೊಂಡ ಬಂದು ಅರ್ಧ ತಾಸಿನ್ಯಾಗ ನೋಡಿ ಹೋಗತಾನ. ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಝಡ್4, ಫೋರ್ಡ್ ಮಸ್ಟಾಂಗ್, ಆಡಿ ಟಿಟಿ ಇಂಥಾವ್ನ ಕೊಳ್ಳಾಂವ ಪುಣೆದಾಗೋ ಗೋವಾದಾಗೋ ಬೆಂಗಳೂರಾಗೋ ಕೂತಿರ್ತಾನ. ಅಂವ ಗಾಡಿಕಿಂತ ಮೊದಲ ನಿಮ್ಮ ಉತ್ತರ ನೋಡತಾನ. ಆ ಉತ್ತರ ನಂಬಿ ಬೆಂಗಳೂರಿಂದ 500 ಕಿಲೋಮೀಟರ್ ಬರಾಂವ ಅಂವ, ಹಂಗಾಗಿ ಇಲ್ಲಿ ಉತ್ತರ ಅಂದ್ರ ಅರ್ಧ ಗಾಡಿ ಇದ್ದಂಗ.

1. ಜಾಹೀರಾತು ಹಾಕೋಕಿಂತ ಮೊದಲ ಫೈಲ್ ಮಾಡ್ರಿ

ಒಂದ ಪ್ಲಾಸ್ಟಿಕ್ ಫೋಲ್ಡರ್ ತೊಗೊಂಡು ಇವ್ನ ಹಾಕ್ರಿ: ಆರ್‌ಸಿ, ಇನ್ಶೂರನ್ಸ್, ಎಮಿಷನ್ ಸರ್ಟಿಫಿಕೇಟ್, ಗಾಡಿ ತೊಗೊಂಡಾಗಿನ ಇನ್‌ವಾಯ್ಸ್, ಮತ್ತ ಸರ್ವಿಸ್ ಬಿಲ್ ಎಲ್ಲಾ ತಾರೀಖಿನ ಪ್ರಕಾರ. ಬಿಲ್ ಯಾಕಂದ್ರ ಪ್ರತಿ ಬಿಲ್ಲಿನ ಮ್ಯಾಲೆ ಆವತ್ತಿನ ಕಿಲೋಮೀಟರ್ ಬರದಿರತೈತಿ, ಮೀಟರ್ ತಿರುಗಿಸಿಲ್ಲ ಅನ್ನೂದಕ್ಕ ಅದಕ್ಕಿಂತ ಛಲೋ ಸಾಕ್ಷಿ ಇಲ್ಲ. ಬಿಲ್ ಕಳದಿದ್ರ ಸರ್ವಿಸ್ ಸೆಂಟರ್‌ಗೆ ಮೇಲ್ ಮಾಡಿ ಹಳೇ ಹಿಸ್ಟರಿ ಪ್ರಿಂಟ್ ಕೇಳ್ರಿ.

ಸಾಲ ತೀರಿದ್ರೂ ಆರ್‌ಸಿ ಮ್ಯಾಲೆ ಬ್ಯಾಂಕಿನ ಹೆಸರ ಹಂಗ ಉಳದಿರತೈತಿ ಭಾಳ ಮಂದೀದು. ಇದಕ್ಕ ಹೈಪೋಥಿಕೇಷನ್ ಅಂತಾರ, ಅಂದ್ರ ಗಾಡಿ ಬ್ಯಾಂಕಿಗೆ ಒತ್ತಿ ಐತಿ ಅಂತ ಅರ್ಥ. ಬ್ಯಾಂಕಿಂದ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಮತ್ತ ಸಹಿ ಮಾಡಿದ ಫಾರ್ಮ್ 35 ತಂದು ಆ ಹೆಸರ ತೆಗಸ್ರಿ, ಆಮ್ಯಾಲೆ ಜಾಹೀರಾತು ಹಾಕ್ರಿ. ಗಿರಾಕಿ ನಿಮ್ಮ ಗಾಡಿ ನಂಬರ್ ಹಾಕಿ ಪರಿವಾಹನ್‌ದಾಗ (ಗಾಡಿ ದಾಖಲಾತಿಯ ಸರ್ಕಾರಿ ವೆಬ್‌ಸೈಟ್) ನೋಡೇ ನೋಡತಾನ, ಅಲ್ಲಿ ಬ್ಯಾಂಕಿನ ಹೆಸರ ಕಂಡ್ರ ಮುಂದಿನ ಮಾತ ಆಡೂದಿಲ್ಲ. ಟ್ರಾಫಿಕ್ ಚಲನ್ ಬಾಕಿ ಇದ್ರ ಅದನ್ನೂ ತುಂಬ್ರಿ. ಎರಡೂ ಕೀಲಿ ಹುಡುಕಿ ಇಟ್ಕೊರಿ, ಇಂಥಾ ಗಾಡಿದು ಇನ್ನೊಂದ ಕೀಲಿ ಮಾಡಸೋದು ಭಾಳ ದುಬಾರಿ ಅನ್ನೂದು ಕೊಳ್ಳಾಂವಗೂ ಗೊತ್ತಿರತೈತಿ.

2. ಕುಂದು ನೀವೇ ಮೊದಲ ತೋರಸ್ರಿ

ಫೋಟೋ ಎಲ್ಲಾರೂ ತೆಗಿತಾರ, ಗಾಡಿ ತೊಳದು ಮಿಂಚ್ಸಿ ಸಂಜಿ ಬಿಸಲಿನ್ಯಾಗ. ಅವೂ ಇರ್ಲಿ. ಆದ್ರ ನಿಮ್ಮ ಕೆಲಸ ಹಗರ ಆಗೂದು ಬ್ಯಾರೆ ಫೋಟೋಗಳಿಂದ. ಮುಂದಿನ ಬಂಪರಿನ ತೆಳಗಿನ ತುಟಿ, ನಾಕೂ ರಿಮ್ಮಿನ ಅಂಚು, ಡ್ರೈವರ್ ಸೀಟಿನ ಹೊರಗಿನ ಬದಿ (ಹತ್ತಿ ಇಳದು ಅದs ಮೊದಲ ಸವೀತೈತಿ), ಮುಂದಿನ ಗ್ಲಾಸಿನ ಮ್ಯಾಲಿನ ಕಲ್ಲೇಟು. ಪ್ರತಿ ಗೆರಿ ಬಾಜೂಕ ಒಂದ ರೂಪಾಯಿ ನಾಣ್ಯ ಇಟ್ಟ ಫೋಟೋ ತೆಗೀರಿ, ಗೆರಿ ಎಷ್ಟ ದೊಡ್ಡದು ಅನ್ನೂದು ಕೇಳೋ ಪ್ರಶ್ನೇನ ಉಳಿಯೂದಿಲ್ಲ.

ಇದನ್ನ ನಾನು ಪೆಟ್ಟ ತಿಂದ ಕಲ್ತೀನಿ. ನಮ್ಮ ಓಣ್ಯಾಗಿನ ರೋಡ್ ಹಂಪ್‌ಗೆ ತೆಳಗಿನ ತುಟಿ ತಿಕ್ಕಿ ಒಂದ ಗೇಣು ಸೀಳಿತ್ತು, ನಿಂತ ನೋಡಿದ್ರ ಕಾಣೂದಿಲ್ಲ ಅಂತ ಹೇಳಿದ್ದಿಲ್ಲ. ಪುಣೆಯಿಂದ ಬಂದ ಗಿರಾಕಿ ಕರ್ಚೀಫ್ ಹಾಸಿ ಮಣಕಾಲೂರಿ, ಫೋನಿನ ಬ್ಯಾಟರಿ ಹಚ್ಚಿ ತೆಳಗ ಬಗ್ಗಿ ನೋಡಿದ್ರು. ಎದ್ದು ಕೈ ಝಾಡಿಸಿಕೊಂಡು "ಇನ್ನೇನೇನ್ ಹೇಳಿಲ್ರಿ?" ಅಂತ ಕೇಳಿದ್ರು, ಅಷ್ಟ. ಮುಂದ ಇಂಜಿನ್ನು, ಗೇರ್ ಬಾಕ್ಸು, ಬಿಲ್ಲು ಎಲ್ಲಾ ಛಲೋ ಇದ್ದೂ ಅವ್ರ ಮನಸ ಹೊಳ್ಳಿ ಬರಲಿಲ್ಲ. ತುಟಿ ಸೀಳಿದ್ದು ದೊಡ್ಡದಲ್ಲ, ಹೇಳಲಿಲ್ಲಲಾ ಅದs ದೊಡ್ಡದಾತು.

ವಿಡಿಯೋ ಎರಡ ಬೇಕು. ಒಂದು ಕೋಲ್ಡ್ ಸ್ಟಾರ್ಟ್, ಅಂದ್ರ ರಾತ್ರೆಲ್ಲಾ ನಿಂತ ಗಾಡಿನ ಮುಂಜಾನೆ ಮೊದಲನೇ ಸರ್ತಿ ಚಾಲೂ ಮಾಡೋದು. ಇಂಜಿನ್ ಒಳಗಿನ ಚೈನ್ ಸಪ್ಪಳ, ಹೊಗಿ, ಏರಿಳಿಯೋ ಐಡಲ್ (ನಿಂತಲ್ಲೇ ಇಂಜಿನ್ ತಿರುಗೋ ವೇಗ), ಏನಿದ್ರೂ ಆವಾಗ ಗೊತ್ತಾಗತೈತಿ. ಸೈಲೆನ್ಸರ್ ಹಂತ್ಯಾಕ ಒಬ್ರನ್ನ ನಿಂದ್ರಿಸಿ, ಮೀಟರ್ ಮ್ಯಾಲಿನ ಟೆಂಪರೇಚರ್ ತೋರಿಸಿ ಒಂದs ಶಾಟಿನ್ಯಾಗ ತೆಗೀರಿ, ಮಧ್ಯ ಕಟ್ ಮಾಡಬ್ಯಾಡ್ರಿ. ಎರಡನೇದು ಗಾಡಿ ಸುತ್ತ ಒಂದ ಸುತ್ತು, ಮತ್ತ ಮ್ಯಾಲಿನ ಚಾವಣಿ ತೆಗಿಯೋ ಗಾಡಿ ಇದ್ರ ಅದು ಪೂರಾ ತೆಗದು ಹಾಕೋದು. ಬೆಳಗಾವಿ ಮಳಿ ನಿಮಗ ಗೊತ್ತೈತಿ, ಜೂನ್ ಹಿಡಕೊಂಡು ದಿನಗಟ್ಲೆ ಜಿಟಿಜಿಟಿ ಹಚ್ಚತೈತಿ. "ಮಳ್ಯಾಗ ಸೋರತೈತೇನು?" ಅಂತ ಕೇಳೇ ಕೇಳತಾರ, ಮಳಿ ನಿಂತ ಮ್ಯಾಲೆ ಒಳಗಿನ ಕಾರ್ಪೆಟ್ ಎತ್ತಿ ತೋರಿಸಿದ ವಿಡಿಯೋ ಒಂದಿದ್ರ ಬಾಯಿಲೆ ಏನೂ ಹೇಳಬೇಕಾಗಿಲ್ಲ.

3. ಉತ್ತರ ಬರದ ಇಟ್ಕೊರಿ

ಇಪ್ಪತ್ತ ಮಂದಿ ಫೋನ್ ಮಾಡಿದ್ರೂ ಪ್ರಶ್ನೆ ಮಾತ್ರ ಹತ್ತ ಹನ್ನೆರಡs. ಅವಕ್ಕ ಒಮ್ಮೆ ಕುಂತು ಉತ್ತರ ಬರದು ಫೋನಿನ ನೋಟ್ಸ್‌ದಾಗ ಇಡ್ರಿ. ನಮ್ಮ ಕಡೆ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷಾದಾಗ ಫೋನ್ ಬರ್ತಾವ, ಮೂರರಾಗೂ ಬರದಿಟ್ರ ಇನ್ನೂ ಛಲೋ. ಬಾಯಿಲೆ ಒಬ್ಬರಿಗೊಂದ ಇನ್ನೊಬ್ಬರಿಗೊಂದ ಹೇಳೋದು ತಪ್ಪತೈತಿ, ಯಾಕಂದ್ರ ಇಂಥಾ ಗಾಡಿ ಹುಡುಕೋ ಮಂದಿ ಭಾಳ ಇಲ್ಲ, ಒಬ್ಬರಿಗೊಬ್ಬರು ಪರಿಚಯ ಇರ್ತಾರ, ನಿಮ್ಮ ಎರಡ ಮಾತ ಒಂದ ಕಡೆ ಕೂಡಿದ್ರ ಮುಗೀತು.

"ಯಾಕ ಮಾರಾಕತ್ತೀರಿ?" ಎಲ್ಲಾರಿಗಿಂತ ಮೊದಲ ಬರೋದು ಇದು. ಖರೇ ಕಾರಣ ಒಂದ ಸಾಲಿನ್ಯಾಗ ಹೇಳ್ರಿ: ಮಕ್ಕಳು ದೊಡ್ಡಾವಾದ್ವು, ಎರಡ ಸೀಟ್ ಸಾಲವಲ್ದು. ರೊಕ್ಕ ಬೇಕಾಗೇತಿ ಅಂತಿದ್ರ ಅದನ್ನೂ ಹೇಳಬಹುದು, ಆದ್ರ "ಅರ್ಜೆಂಟ್" ಅನ್ನೋ ಶಬ್ದ ಬಳಸಬ್ಯಾಡ್ರಿ, ಆ ಒಂದ ಶಬ್ದಕ್ಕ ರೇಟ್ ಇಳೀತೈತಿ.

"ಆಕ್ಸಿಡೆಂಟ್ ಆಗೇತೇನು?" ಇಲ್ಲಿ ಹೌದು ಅಥವಾ ಇಲ್ಲ ಅಂತ ಒಂದs ಶಬ್ದ ಹೇಳಿದ್ರ ಸಾಲೂದಿಲ್ಲ. ಬಂಪರಿಗೆ ಬಣ್ಣ ಹಚ್ಚಿಸಿದ್ದು, ಬಾಗಲ ಬದಲಿ ಮಾಡಿದ್ದು, ಚಾಸಿಗೆ ಪೆಟ್ಟ ಬಿದ್ದದ್ದು, ಏರ್‌ಬ್ಯಾಗ್ ಬಿಚ್ಚಿದ್ದು, ನಾಕೂ ಬ್ಯಾರೆ ಬ್ಯಾರೆ. ಯಾವ ಪ್ಯಾನಲ್, ಯಾವಾಗ, ಇನ್ಶೂರನ್ಸ್ ಕ್ಲೇಮ್ ಆಗೇತೋ ಕೈಯಿಂದ ಖರ್ಚ ಮಾಡೀರೋ, ಮೂರೂ ಹೇಳ್ರಿ. ತಿಳುವಳಿಕಿ ಇದ್ದ ಗಿರಾಕಿ ಪೇಂಟ್ ಮೀಟರ್ ತರ್ತಾನ, ಬಣ್ಣದ ದಪ್ಪ ಅಳಿಯೋ ಸಣ್ಣ ಯಂತ್ರ ಅದು. ಕಂಪನಿ ಬಣ್ಣ ಸಾಧಾರಣ 100 ರಿಂದ 180 ಮೈಕ್ರಾನ್ ಇರತೈತಿ, ಹೊಳ್ಳಿ ಹಚ್ಚಿದ್ರ ಅದಕ್ಕಿಂತ ಹೆಚ್ಚ, ತೆಳಗ ಪುಟ್ಟಿ ತುಂಬಿದ್ರ ಅಂತೂ ಭಾಳ ಮ್ಯಾಲೆ ಹೋಗತೈತಿ. ಮುಚ್ಚಿಡಾಕ ಬರೂದಿಲ್ಲ.

"ಎಷ್ಟ ಓಡೇತಿ?" ಕಡಿಮಿ ಓಡೇತಿ ಅಂತ ಹೆಮ್ಮಿಲೆ ಹೇಳಿ ಸುಮ್ನಾಗಬ್ಯಾಡ್ರಿ. ಹತ್ತ ವರ್ಷದಾಗ ಹದಿನೈದ ಸಾವಿರ ಕಿಲೋಮೀಟರ್ ಅಂದ್ರ ಗಾಡಿ ನಿಂತs ಇತ್ತು ಅಂತ ಅರ್ಥ, ನಿಂತ ಗಾಡ್ಯಾಗ ರಬ್ಬರ್ ಸೀಲ್ ಒಣಗತಾವ, ಬ್ಯಾಟರಿ ಸಾಯತೈತಿ, ಟೈರ್ ಒಂದ ಬದಿ ಚಪ್ಪಟ ಆಗತಾವ. ಅದಕ್ಕ ಕಿಲೋಮೀಟರ್ ಜೋಡಿ ಇದನ್ನೂ ಸೇರಸ್ರಿ: ಆಯಿಲ್ ವರ್ಷಕ್ಕೊಮ್ಮೆ ಬದಲಿ ಆಗೇತಿ, ಬ್ರೇಕ್ ಆಯಿಲ್ ಇಂಥಾ ವರ್ಷ, ಟೈರ್ ಇಂಥಾ ವರ್ಷದ್ದು. ಟೈರಿನ ವಯಸ್ಸು ಅದರ ಗೋಡಿ ಮ್ಯಾಲs ಬರದಿರತೈತಿ, ಡಾಟ್ ಅನ್ನೋ ಸಾಲಿನ ಕಡೀ ನಾಕ ಅಂಕಿ. 3419 ಅಂತಿದ್ರ 2019ನೇ ವರ್ಷದ 34ನೇ ವಾರ. ಹಲ್ಲ ಎಷ್ಟs ಉಳದಿರ್ಲಿ, ಆರೇಳ ವರ್ಷ ದಾಟಿದ ಟೈರ್ ಗಟ್ಟಿ ಆಗಿರತೈತಿ. ಹಿಂದಿನ ಚಕ್ರಕ್ಕ 300 ಹಾರ್ಸ್‌ಪವರ್ ಹೋಗೋ ಗಾಡಿ ಮಳ್ಯಾಗ ಅಂಥಾ ಟೈರ್ ಮ್ಯಾಲೆ ಹೊಂಟ್ರ ಜೀವಕ್ಕ ಅಪಾಯ, ಅದನ್ನ ಮುಚ್ಚಿ ಮಾರಬ್ಯಾಡ್ರಿ.

"ಟ್ರ್ಯಾಕ್ ಮ್ಯಾಲೆ ಓಡಿಸೀರೇನು?" ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹಂತ್ಯಾಕ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಗಾಡಿ ಒಯ್ಯೋ ಮಂದಿ ಅದಾರ, ಒಯ್ದಿದ್ರ ಒಯ್ದೀನಿ ಅನ್ರಿ. ಎಷ್ಟ ಸರ್ತಿ, ಆಮ್ಯಾಲೆ ಬ್ರೇಕ್ ಪ್ಯಾಡ್, ಡಿಸ್ಕ್, ಬ್ರೇಕ್ ಆಯಿಲ್ ಬದಲಿ ಮಾಡೀರೋ ಇಲ್ಲೋ ಅಂತ ಹೇಳಿದ್ರ ತಿಳಿದ ಗಿರಾಕಿ ಹೆದರೂದಿಲ್ಲ. ಪೋರ್ಷೆ ಇದ್ರ ಓವರ್-ರೆವ್ ರಿಪೋರ್ಟ್ ಕೇಳತಾರ. ಗೇರ್ ಇಳಸುವಾಗ ನಾಕರಿಂದ ಮೂರಕ್ಕ ಹಾಕೋ ಬದ್ಲಿ ಕೈತಪ್ಪಿ ಇನ್ನೂ ತೆಳಗಿನ ಗೇರಿಗೆ ಬಿದ್ರ ಇಂಜಿನ್ ಅದರ ಮಿತಿಕಿಂತ ಜೋರ ತಿರುಗತೈತಿ, ಅದನ್ನ ಗಾಡಿ ಕಂಪ್ಯೂಟರ್ ಬರದಿಡತೈತಿ, ಆ ದಾಖಲಾತಿನs ಓವರ್-ರೆವ್ ರಿಪೋರ್ಟ್. ಯಾರಾರ ಕೇಳೋಕಿಂತ ಮೊದಲ ತೆಗಿಸಿ ಫೈಲಿನ್ಯಾಗ ಹಾಕಿದ್ರ ಮ್ಯಾನುವಲ್ ಗಾಡಿಗೆ ಭಾಳ ಬೆಲಿ ಬರತೈತಿ. "ಟಾಪ್ ಎಷ್ಟ ಹೊಡದೀರಿ?" ಅಂತ ಕೇಳಾಂವಗೆ ಮಾತ್ರ ಲೆಕ್ಕ ಕೊಡಬ್ಯಾಡ್ರಿ. ರಸ್ತಾದಾಗ ಅದು ಗುನ್ನೆ, ಗಾಡಿನ ಜಗ್ಗಾಡೀರಿ ಅಂತ ನೀವೇ ಬರಕೊಟ್ಟಂಗೂ ಆಗತೈತಿ.

"ಈ ಮಾಡೆಲ್‌ದಾಗ ಆ ಪ್ರಾಬ್ಲಮ್ ಇರತೈತೆಲ್ಲಾ?" ಪ್ರತಿ ಮಾಡೆಲ್‌ಗೂ ಊರಿಗೆಲ್ಲಾ ಗೊತ್ತಿದ್ದ ಒಂದ ಬ್ಯಾನಿ ಇರತೈತಿ. 2008ರ ತನಕದ ಬಾಕ್ಸ್‌ಸ್ಟರ್, ಕೇಮನ್‌ಗೆ ಐಎಂಎಸ್ ಬೇರಿಂಗ್ (ಇಂಜಿನ್ ಒಳಗಿನ ಒಂದ ನಡುಶಾಫ್ಟಿನ ಬೇರಿಂಗ್, ಅದು ಒಡದ್ರ ಇಂಜಿನ್ನs ಹೋಗತೈತಿ), 2009ರಿಂದ ಬಂದ ಹೊಸ ಇಂಜಿನ್ನಿನ್ಯಾಗ ಆ ಬೇರಿಂಗs ಇಲ್ಲ. ಝಡ್4ರ 35ಐ ಮಾಡೆಲ್‌ಗೆ ಹೈ ಪ್ರೆಶರ್ ಫ್ಯೂಯಲ್ ಪಂಪ್ (ಇಂಜಿನ್ನಿಗೆ ಜೋರ ಒತ್ತಡದಿಂದ ಪೆಟ್ರೋಲ್ ಕೊಡೋ ಪಂಪ್). ನಿಮ್ಮ ಗಾಡಿ ಬ್ಯಾನಿ ಯಾವುದು ಅನ್ನೂದು ಮೊದಲ ನೀವು ತಿಳ್ಕೊರಿ, ನಿಮ್ಮದ್ರಾಗ ಅದರ ಸ್ಥಿತಿ ಏನೈತಿ, ಬದಲಿ ಆಗಿದ್ರ ಬಿಲ್ ಎಲ್ಲೈತಿ ಹೇಳ್ರಿ. "ನನ್ನದಕ್ಕ ಏನೂ ಆಗಿಲ್ರಿ" ಅನ್ನೂದು ಉತ್ತರ ಅಲ್ಲ.

"ಮಾಡಿಫೈ ಮಾಡೀರೇನು?" ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿ ಮಾಡಿ ಪವರ್ ಏರಸೋದು), ಸೈಲೆನ್ಸರ್, ಸ್ಪ್ರಿಂಗ್ ಎಲ್ಲಾ ಹೇಳ್ರಿ. ಕಂಪನಿ ಕೊಟ್ಟಿದ್ದಕ್ಕಿಂತ ಬ್ಯಾರೆ ಆಗೂವಂಗ ಗಾಡಿ ಬದಲಿ ಮಾಡಾಕ ಮೋಟಾರು ವಾಹನ ಕಾನೂನಿನ 52ನೇ ಕಲಂ ಬಿಡೂದಿಲ್ಲ, ಇನ್ಶೂರನ್ಸ್ ಕ್ಲೇಮಿಗೂ ತೊಂದರಿ ಆಗತೈತಿ. ತೆಗದಿಟ್ಟ ಕಂಪನಿ ಸಾಮಾನು ಮನ್ಯಾಗಿದ್ರ ಹೊಳ್ಳಿ ಕೂಡಿಸಿ ಮಾರೋದು ಉತ್ತಮ.

ಇನ್ನ ಉಳದಾವು ಸಣ್ಣವು. ಮೈಲೇಜ್ ಕೇಳಿದ್ರ ಊರಾಗ ಆರೇಳು, ಹೈವೇದಾಗ ಹತ್ತು ಅಂತ ನಿಮ್ಮ ಗಾಡಿ ಎಷ್ಟ ಕೊಡತೈತೋ ಅಷ್ಟs. "ಸ್ಟೆಪ್ನಿ ಎಲ್ಲಿ?" ಅಂತ ಡಿಕ್ಕಿ ತೆಗದು ಹುಡುಕತಾರ: ಇಂಥಾ ಭಾಳ ಗಾಡ್ಯಾಗ ಸ್ಟೆಪ್ನಿನ ಇರೂದಿಲ್ಲ, ರನ್‌ಫ್ಲಾಟ್ ಟೈರ್ ಇಲ್ಲಾ ಪಂಕ್ಚರ್ ಕಿಟ್ ಇರತೈತಿ, ರನ್‌ಫ್ಲಾಟ್ ಅಂದ್ರ ಗಾಳಿ ಹೋದ್ರೂ ಸಾವಕಾಶ ಒಂದಿಷ್ಟ ದೂರ ಓಡೂವಂಥಾದ್ದು. ಸರ್ವಿಸ್ ಎಲ್ಲಿ ಮಾಡಸ್ತೀರಿ ಅಂದ್ರ ಯಾವ ಊರು, ಒಯ್ಯೋದ ಹೆಂಗ, ಹಿಂದಿನ ಮೂರ ವರ್ಷ ಒಟ್ಟ ಖರ್ಚ ಎಷ್ಟ. ಖರ್ಚ ಕಡಿಮಿ ಹೇಳಿ ಮಾರಿದ್ರ ಮೊದಲನೇ ಸರ್ವಿಸಿಗೇ ನಿಮ್ಮ ಹೆಸರ ಹಿಡದ ಬೈತಾರ. ಗೋವಾದವ್ರು "ಚೋರ್ಲಾ ಘಾಟಿನ್ಯಾಗ ತೆಳಗ ಬಡಿತೈತೇನು?" ಅಂತ ಕೇಳತಾರ, ನೀವ ಒಯ್ದಿದ್ರ ಹೇಳ್ರಿ, ಇಲ್ಲಂದ್ರ ನಾ ಒಯ್ದಿಲ್ಲ ಅನ್ರಿ.

4. ಯಾರಿಗೆ ಉತ್ತರ, ಯಾರಿಗೆ ಬ್ಯಾಡ

ಎಲ್ಲಾರಿಗೂ ಮರ್ಯಾದಿ ಕೊಡ್ರಿ, ಟೈಮ್ ಮಾತ್ರ ಎಲ್ಲಾರಿಗೂ ಕೊಡಬ್ಯಾಡ್ರಿ. ನಿಮ್ಮ ಬರದಿಟ್ಟ ಉತ್ತರ, ಫೋಟೋ, ವಿಡಿಯೋ ಕಳಸಿದ ಮ್ಯಾಲೆ ಅದನ್ನ ಓದಿ ಮುಂದಿನ ಪ್ರಶ್ನೆ ಕೇಳಾಂವ ಖರೇ ಗಿರಾಕಿ. ಓದದs "ಲಾಸ್ಟ್ ಎಷ್ಟ?" ಅನ್ನಾಂವ ಅಲ್ಲ. ಹುಡುಗೂರು ರೀಲ್ಸ್ ಮಾಡಾಕ ಬರ್ತಾರ, "ಅಣ್ಣಾರ, ಒಂದ ರೌಂಡ್ ಕೊಡ್ರಿ" ಅಂತಾರ, ಅವ್ರಿಗೆ ಸಮಾಧಾನದಿಂದ ಆಗೂದಿಲ್ಲಪ್ಪಾ ಅನ್ರಿ.

ಮೋಸದ ವಿಚಾರ ಜ್ವಾಕಿ ಇರ್ಲಿ. ನಂಬರ್ ಪ್ಲೇಟ್ ನಂಬರ್ ಕೊಟ್ರ ನಡೀತೈತಿ, ಆದ್ರ ಆರ್‌ಸಿ ಫೋಟೋ ಕಳಸುವಾಗ ಚಾಸಿ ನಂಬರಿನ ಕಡೀ ಐದ ಅಂಕಿ ಮುಚ್ಚಿ ಕಳಸ್ರಿ, ವಾಹನ್ ವೆಬ್‌ಸೈಟಿನ್ಯಾಗ ನಿಮ್ಮ ಗಾಡಿ ಮ್ಯಾಲೆ ಅರ್ಜಿ ಹಾಕಾಕ ಅದs ಕೀಲಿ. ಒಟಿಪಿ ಯಾರಿಗೂ ಹೇಳಬ್ಯಾಡ್ರಿ. "ಗಾಡಿ ನೋಡೂದೇನ್ ಬ್ಯಾಡ, ಪಸಂದ ಐತಿ, ಅಡ್ವಾನ್ಸ್ ಕಳಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಅಂದ್ರ ಫೋನ್ ಇಡ್ರಿ. ರೊಕ್ಕ ಬರಾಕ ಸ್ಕ್ಯಾನ್ ಮಾಡೂದು ಬೇಕಿಲ್ಲ, ಪಿನ್ ಹಾಕೂದೂ ಬೇಕಿಲ್ಲ, ಅವು ರೊಕ್ಕ ಹೋಗಾಕ ಬೇಕು.

5. ರೇಟಿನ ಮಾತು

ಫೋನ್ ಮ್ಯಾಲೆ ಕಡೀ ರೇಟ್ ಹೇಳಬ್ಯಾಡ್ರಿ, ಅಂವ ಬಂದ ಮ್ಯಾಲೆ ಅಲ್ಲಿಂದs ಇಳಸಾಕ ಚಾಲೂ ಮಾಡತಾನ. "ಸಾಹೇಬ್ರ, ಗಾಡಿ ನೋಡ್ರಿ, ಮನಸಿಗೆ ಬಂದ್ರ ಕುಂತು ಚಹಾ ಕುಡಕೋತ ಮಾತಾಡೂಣು" ಅನ್ರಿ. "ನನ್ನ ಫಾರ್ಚೂನರ್ ತೊಗೊಂಡು ಮ್ಯಾಲೆ ರೊಕ್ಕ ಕೊಡ್ರಿ" ಅನ್ನಾವ್ರೂ ಇರ್ತಾರ, ನಿಮಗ ಬ್ಯಾಡ ಅಂದ್ರ ಜಾಹೀರಾತಿನ್ಯಾಗs ಎಕ್ಸ್‌ಚೇಂಜ್ ಇಲ್ಲ ಅಂತ ಹಾಕಿಬಿಡ್ರಿ.

6. ನೋಡಾಕ ಬಂದ ದಿನ

ಇಂಜಿನ್ ಬಿಸಿ ಮಾಡಿ ಇಡಬ್ಯಾಡ್ರಿ. ಬಂದಾವ್ರು ಮೊದಲ ಬಾನೆಟ್ ಮ್ಯಾಲೆ ಕೈ ಇಟ್ಟ ನೋಡತಾರ, ಬೆಚ್ಚಗಿದ್ರ ಕೋಲ್ಡ್ ಸ್ಟಾರ್ಟ್ ಮುಚ್ಚೀರಿ ಅಂತ ಸಂಶಯ ಬರತೈತಿ. ತಮ್ಮ ಮಿಸ್ತ್ರಿ ತರ್ತೀನಿ ಅಂದ್ರ, ರ‍್ಯಾಂಪ್ ಮ್ಯಾಲೆ ಏರಿಸಿ ನೋಡಬೇಕು, ಓಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರಿನ ತಪ್ಪಿನ ಪಟ್ಟಿ ಓದೋ ಸಾಧನ) ಹಚ್ಚಬೇಕು ಅಂದ್ರ ಹ್ಞೂಂ ಅನ್ರಿ, ಖರ್ಚ ಅವ್ರದು. ಸ್ಕ್ಯಾನ್ ಮಾಡೋ ಹಿಂದಿನ ದಿನ ತಪ್ಪಿನ ಪಟ್ಟಿ ಅಳಸಿ ಇಡೂದು ಮಾಡಬ್ಯಾಡ್ರಿ, ಅಳಸಿದ್ದೂ ಸ್ಕ್ಯಾನರಿನ್ಯಾಗ ಗೊತ್ತಾಗತೈತಿ.

ಓಡಿಸಾಕ ಕೊಡೋಕಿಂತ ಮೊದಲ ಲೈಸೆನ್ಸ್ ನೋಡಿ ಫೋಟೋ ತೊಗೊರಿ, ಇನ್ಶೂರನ್ಸ್ ಚಾಲೂ ಇರ್ಲಿ. ಮೊದಲ ಹತ್ತ ಹದಿನೈದ ನಿಮಿಷ ನೀವೇ ಓಡಸ್ರಿ, ಆಯಿಲ್ ಬಿಸಿ ಆಗೂತನಕ ಇಂಜಿನ್ ಜೋರ ಮಾಡಬಾರದು ಅಂತ ಹೇಳಕೋತ, ಆಮ್ಯಾಲೆ ಸೀಟ್ ಬದಲಿ ಮಾಡ್ರಿ. ಮುಂಜಾನೆ ಲಗೂನ ಹಲಗಾ ಕಡೆ ಹೈವೇ ಹಿಡದು ಸುವರ್ಣಸೌಧದ ತನಕ ಹೋಗಿ ಬಂದ್ರ ಸಾಕು. ಖಾನಾಪುರ ರೋಡಿನ ಟ್ರಾಫಿಕ್ಕಿನ್ಯಾಗ ಗಾಡಿ ಗುಣ ಏನೂ ಗೊತ್ತಾಗೂದಿಲ್ಲ, ಎದುರಿಂದ ಬಂದಾವ್ರ ಚಿಂತಿನ ಹೆಚ್ಚಾಗತೈತಿ.

ಒಂದ ಪ್ರಶ್ನೆಕ್ಕ ಉತ್ತರ ಗೊತ್ತಿಲ್ಲಂದ್ರ "ಗೊತ್ತಿಲ್ಲ, ಕೇಳಿ ನಾಳೆ ಹೇಳತೀನಿ" ಅನ್ರಿ, ಮತ್ತ ನಾಳೆ ಖರೇನ ಹೇಳ್ರಿ.

7. ರೊಕ್ಕ ಮತ್ತ ಕಾಗದ

ಇಸಾರ (ಮುಂಗಡ ರೊಕ್ಕ) ತೊಗೊಂಡ್ರ ಒಂದ ಹಾಳಿ ಮ್ಯಾಲೆ ಎಷ್ಟ, ಯಾವ ತಾರೀಖಿನೊಳಗ ಉಳದದ್ದು, ಬ್ಯಾಡಂದ್ರ ಇಸಾರ ಹೊಳ್ಳಿ ಕೊಡೂದೋ ಇಲ್ಲೋ ಬರದು ಇಬ್ರೂ ಸಹಿ ಮಾಡ್ರಿ. "ಕ್ಯಾಶ್ ಕೊಡ್ತೀನ್ರಿ" ಅಂದ್ರ ಒಪ್ಪಬ್ಯಾಡ್ರಿ, ಒಂದ ವ್ಯವಹಾರಕ್ಕ 2 ಲಕ್ಷ ಇಲ್ಲಾ ಅದಕ್ಕಿಂತ ಹೆಚ್ಚ ನಗದು ತೊಗೊಂಡ್ರ ಆದಾಯ ತೆರಿಗಿ ಕಾನೂನಿನ ಪ್ರಕಾರ ಎಷ್ಟ ತೊಗೊಂಡೀರೋ ಅಷ್ಟ ದಂಡ ಬೀಳತೈತಿ, ಅದೂ ತೊಗೊಂಡಾಂವಗೆ. ಆರ್‌ಟಿಜಿಎಸ್ ಮಾಡಸ್ರಿ. ಮೆಸೇಜ್ ನಂಬಬ್ಯಾಡ್ರಿ, ಅಕೌಂಟ್ ತೆಗದು ರೊಕ್ಕ ಜಮಾ ಆಗಿದ್ದ ನೋಡಿ ಆಮ್ಯಾಲೆ ಕೀಲಿ ಕೊಡ್ರಿ.

"ಟ್ರಾನ್ಸ್‌ಫರ್ ಯಾರ ಮಾಡಸೂದು?" ಇಬ್ರದೂ ಕೆಲಸ. ಫಾರ್ಮ್ 29 ಅಂದ್ರ ಗಾಡಿ ಮಾರೀನಿ ಅಂತ ನೀವು ಆರ್‌ಟಿಓಗೆ ಕೊಡೋ ತಿಳುವಳಿಕಿ, ಫಾರ್ಮ್ 30 ಹೆಸರ ಬದಲಿ ಮಾಡೋ ಅರ್ಜಿ. ರಾಜ್ಯದೊಳಗs ಮಾರಿದ್ರ ನೀವು 14 ದಿನದಾಗ, ಕೊಂಡಾಂವ 30 ದಿನದಾಗ ತಿಳಿಸಬೇಕು. ಕೊಲ್ಹಾಪುರ, ಪುಣೆ, ಗೋವಾದಾಂವ ಇದ್ರ ಫಾರ್ಮ್ 28 ಹಾಕಿ ನಮ್ಮ ಆರ್‌ಟಿಓದಿಂದ ಎನ್‌ಒಸಿ ಬೇಕು, ಅಲ್ಲಿ ಹೊಸದಾಗಿ ರೋಡ್ ಟ್ಯಾಕ್ಸ್ ತುಂಬಬೇಕು, ಇಂಥಾ ಗಾಡಿಗೆ ಅದು ಸಣ್ಣ ರೊಕ್ಕ ಅಲ್ಲ, ರೇಟ್ ಮಾತಾಡುವಾಗs ಯಾರ ತುಂಬೂದು ಅಂತ ಬಾಯಿಬಿಟ್ಟ ಹೇಳ್ರಿ. ಇಲ್ಲಿ ತುಂಬಿದ ಜೀವಾವಧಿ ತೆರಿಗಿ ಉಳದ ವರ್ಷಕ್ಕ ಹೊಳ್ಳಿ ಕೇಳಾಕ ಬರತೈತಿ, ಅದು ಯಾರಿಗೆ ಅನ್ನೂದೂ ಬರದಿಡ್ರಿ.

ಖಾಲಿ ಫಾರ್ಮಿಗೆ ಸಹಿ ಮಾಡಿ ಕೊಟ್ಟ ಸುಮ್ನ ಕೂಡೂದು ಎಲ್ಲಾದಕ್ಕಿಂತ ದೊಡ್ಡ ತಪ್ಪು. 2018ರಾಗ ಸುಪ್ರೀಂ ಕೋರ್ಟ್ ಹೇಳೇತಿ, ಆರ್‌ಸಿ ಮ್ಯಾಲೆ ಯಾರ ಹೆಸರ ಐತೋ ಅವ್ರs ಓನರ್, ಅಪಘಾತದ ಪರಿಹಾರದ ಹೊಣಿ ಅವ್ರ ಮ್ಯಾಲs ಬರತೈತಿ. ಅದಕ್ಕ ಡೆಲಿವರಿ ನೋಟ್ ಮಾಡ್ರಿ, ಇಂಥಾ ತಾರೀಖು, ಇಷ್ಟ ಗಂಟೆ, ಇಷ್ಟ ಕಿಲೋಮೀಟರಿಗೆ ಗಾಡಿ ಒಪ್ಪಿಸೀನಿ ಅಂತ ಇಬ್ರದೂ ಸಹಿ, ಮತ್ತ ಪರಿವಾಹನ್‌ದಾಗ ಹೆಸರ ಬದಲಿ ಆಗೂತನಕ ವಾರಕ್ಕೊಮ್ಮೆ ನೋಡ್ರಿ. ಇನ್ಶೂರನ್ಸ್ 14 ದಿನದಾಗ ತನ್ನ ಹೆಸರಿಗೆ ಮಾಡಿಸಿಕೊರಿ ಅಂತ ಅವ್ರಿಗೆ ನೆನಪ ಮಾಡ್ರಿ. ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಮಾಡದ ವರ್ಷಕ್ಕ ಸಿಗೋ ರಿಯಾಯ್ತಿ, ಗಾಡಿದಲ್ಲ ನಿಮ್ಮದು. ಕಂಪನಿಯಿಂದ ಪತ್ರ ತೊಗೊಂಡ್ರ 3 ವರ್ಷದೊಳಗ ನಿಮ್ಮ ಮುಂದಿನ ಗಾಡಿಗೆ ಹಚ್ಚಬಹುದು. ಫಾಸ್ಟ್ಯಾಗ್ ಬಂದ್ ಮಾಡ್ರಿ, ಇಲ್ಲಂದ್ರ ಹಿರೇಬಾಗೇವಾಡಿ ಟೋಲ್ ದಾಟಿದಾಗ ರೊಕ್ಕ ನಿಮ್ಮದು ಹೋಗತೈತಿ. ಗಾಡಿ ಸ್ಕ್ರೀನಿನ್ಯಾಗ ಉಳದ ನಿಮ್ಮ ಫೋನ್ ನಂಬರ್, ಮನಿ ಅಡ್ರೆಸ್, ಕಂಪನಿ ಆ್ಯಪ್ ಎಲ್ಲಾ ತೆಗೀರಿ.

8. ಮಾರಿದ ಮ್ಯಾಲೂ ಫೋನ್ ಬರತೈತಿ

ಮೊದಲನೇ ತಿಂಗಳು ಬರತೈತಿ, ಎತ್ರಿ. ಯಾವ ಆಯಿಲ್ ಹಾಕ್ತಿದ್ರಿ, ಟೈರಿಗೆ ಗಾಳಿ ಎಷ್ಟ, ಬ್ಯಾಟರಿ ಎಲ್ಲೈತಿ, ಇಂಥಾವs ಕೇಳತಾರ. ಇನ್ನೊಂದ ಪ್ರಶ್ನೆ ಬಂದs ಬರತೈತಿ, ಅದೂ ಎಲ್ಯಾರ ಪಂಕ್ಚರ್ ಅಂಗಡಿ ಮುಂದ ನಿಂತು: "ಒಂದ ಬೋಲ್ಟ್ ಬ್ಯಾರೆ ಥರಾ ಐತ್ರಿ, ಪಾನಾ ಹತ್ತವಲ್ದು". ಅದು ಚಕ್ರ ಕಳುವು ಆಗಬಾರದಂತ ಹಾಕಿರೋ ಲಾಕ್ ಬೋಲ್ಟ್, ಅದಕ್ಕ ಹೆಬ್ಬಟ್ಟಿನಷ್ಟ ಒಂದ ಸಾಕೆಟ್ ಬರತೈತಿ, ಅದಿಲ್ಲದ ಚಕ್ರ ಬಿಚ್ಚೂದಿಲ್ಲ. ಗಾಡಿ ಕೊಡೋ ದಿನ ಆ ಸಾಕೆಟ್ ಹುಡುಕಿ, ಅವ್ರ ಕೈಯಾಗ ಕೊಟ್ಟು, ಅವ್ರ ಮುಂದs ಗ್ಲೋವ್ ಬಾಕ್ಸಿನ್ಯಾಗ ಇಡಸ್ರಿ.